ಎರಡು ಪಾಲು ಹಿಮ

ಬೆಳಿಗ್ಗೆ ಆರಕ್ಕೆ ಬಾಗಿಲು ಸರಿಸಿದ ಒಸನಾಯ್ ತೆತ್ಸುಯಾನ ಬಾಯಿಂದ ಮೊದಲು ಬಂದದ್ದು ಉಗಿ, ಆಮೇಲೆ ಬೈಗುಳ.

ಗೇಟಿನ ಮುಂದೆ ಸೊಂಟದೆತ್ತರಕ್ಕೆ ಹಿಮದ ಹೆಂಟೆಗಳು ಪೇರಿಕೊಂಡಿದ್ದವು. ಆಕಾಶದಿಂದ ಬಿದ್ದ ಹಿಮದ ಮೇಲೆ ಅವನಿಗೆ ಸಿಟ್ಟಿಲ್ಲ. ಅದು ಹಗುರ, ಸಲಿಕೆಯಲ್ಲಿ ಎತ್ತಿ ಬಿಸಾಡಿದರೆ ಮುಗಿಯಿತು. ಇದು ಆ ಜಾತಿಯದಲ್ಲ. ನಸುಕಿನಲ್ಲಿ ರಸ್ತೆ ಬಳಿಯಲು ಬರುವ ಯಂತ್ರ ನಡುರಸ್ತೆಯ ಹಿಮವನ್ನೆಲ್ಲ ಅಲಗಿನಿಂದ ಕೆರೆದು ಎಡಬದಿಗೆ, ಅಂದರೆ ನೇರ ಮನೆಗಳ ಬಾಗಿಲಿಗೆ, ದಬ್ಬಿ ಹೋಗುತ್ತದೆ. ಕಾರುಗಳು ತುಳಿದು ತುಳಿದು ಕಲ್ಲಾದ ಹಿಮ ಅದು. ಒಂದೊಂದು ಹೆಂಟೆ ಅಕ್ಕಿಮೂಟೆಯ ತೂಕ. ಊರಿನಲ್ಲಿ ಯಾರ ಮನೆಗೂ ಇದು ತಪ್ಪಿದ್ದಲ್ಲ. ಎಲ್ಲರೂ ಬೈಯುತ್ತಾರೆ, ಎಲ್ಲರೂ ತೆಗೆಯುತ್ತಾರೆ. ಉತ್ತರ ಜಪಾನಿನ ತ್ಸುಗರು ಸೀಮೆಯಲ್ಲಿ ಹುಟ್ಟಿದ ಮೇಲೆ ಹಿಮ ತೆಗೆಯುವುದೂ ಒಂದೇ, ಹಲ್ಲುಜ್ಜುವುದೂ ಒಂದೇ.

ಒಸನಾಯ್‌ನ ಹೊಟ್ಟೆ ಉರಿಸಿದ್ದು ಬೇರೆ ಸಂಗತಿ. ಅವನ ಗೇಟಿನ ಮುಂದೆ ಬೀಳುತ್ತಿದ್ದದ್ದು ಎರಡು ಪಾಲು. ಯಂತ್ರ ಬರುವ ದಾರಿಯಲ್ಲಿ ಅದಕ್ಕೆ ಮುಂಚೆ ಸಿಗುವ ಪಕ್ಕದ ಮನೆ, ಯಾಗಿಹಾಶಿ ಫುಮಿ-ಸಾನ್ ಅವರದು, ಅಲ್ಲಿ ಕಾಣುತ್ತಿದ್ದದ್ದು ಸೊನ್ನೆ. ಒಂದು ದಿನವಲ್ಲ, ಎರಡು ದಿನವಲ್ಲ, ಡಿಸೆಂಬರಿನಿಂದ ಜನವರಿ ಕೊನೆಯವರೆಗೂ ಹೀಗೇ. ಅವರ ಗೇಟಿನ ಮುಂದೆ ನೆಲ ಗುಡಿಸಿಟ್ಟ ಹಾಗೆ ಚೊಕ್ಕಟ. ಎರಡು ಮೀಟರ್ ಮುಂದೆ ಬಂದರೆ ಇವನ ಗೇಟಿನಲ್ಲಿ ಗುಡ್ಡ.

ಗುಡ್ಡ ಕರಗಿಸಲು ಹೊತ್ತಾದರೂ ಬೇಕಲ್ಲ. ಬೀದಿಯಡಿ ಹಿಮ ಹರಿಸುವ ಚರಂಡಿ ಇದೆ. ಅವರ ಬೀದಿಯ ಪಾಲಿಗೆ ಅದರಲ್ಲಿ ನದಿನೀರು ಬಿಡುವುದು ಬೆಳಿಗ್ಗೆ ಆರೂವರೆಯಿಂದ ಏಳೂವರೆಯವರೆಗೆ. ಆ ಒಂದು ಗಂಟೆಯಲ್ಲಿ ಮನೆಮನೆಯವರೂ ಜಾಲರಿ ಮುಚ್ಚಳ ಎತ್ತಿ ತಮ್ಮ ತಮ್ಮ ಹಿಮವನ್ನು ಒಳಗೆ ನೂಕಿಬಿಡಬೇಕು. ಹೊತ್ತು ಮೀರಿ ನೂಕಿದರೆ ಅದು ಕೆಳಗಿನ ಬೀದಿಯಲ್ಲಿ ಹೋಗಿ ಕಟ್ಟಿಕೊಂಡು ಯಾರದೋ ಮನೆಯೊಳಗೆ ನೀರು ನುಗ್ಗುತ್ತದೆ. ಬೇರೆಯವರು ಇಪ್ಪತ್ತು ನಿಮಿಷದಲ್ಲಿ ಮುಗಿಸಿ ಕೈಕೊಡವಿಕೊಂಡು ಒಳಗೆ ಹೋದರೆ ಒಸನಾಯ್ ಏಳೂ ಇಪ್ಪತ್ತೊಂಬತ್ತಕ್ಕೂ ಏದುಸಿರು ಬಿಡುತ್ತ ನೂಕುತ್ತಲೇ ಇರುತ್ತಿದ್ದ. ಅರವತ್ತೇಳು ವಯಸ್ಸು. ಮೂವತ್ತಾರು ವರ್ಷ ಬಸ್ಸು ಓಡಿಸಿದ ಸೊಂಟ. ಸೊಂಟವೂ ಮನುಷ್ಯನ ಹಾಗೆ ಒಂದು ದಿನ ಮಾತು ಕೇಳುವುದನ್ನು ನಿಲ್ಲಿಸುತ್ತದೆ.

ಸೋಮವಾರ ಅವನ ತಾಳ್ಮೆ ಕೆಟ್ಟಿತು. ರಸ್ತೆಯ ಹಿಮ ನೋಡಿಕೊಳ್ಳುವ ಕಚೇರಿಗೆ ಫೋನು ಮಾಡಿದ. ಅತ್ತ ಕಡೆಯ ಹುಡುಗಿ ಕ್ಷಮಿಸಿ ಕ್ಷಮಿಸಿ ಎನ್ನುತ್ತ ಎಲ್ಲವನ್ನೂ ಬರೆದುಕೊಂಡಳು. ಪಕ್ಕದ ಮನೆಯ ಮುಂದೆ ಒಂದು ಹೆಂಟೆಯೂ ಇರುವುದಿಲ್ಲ, ಯಂತ್ರದವನು ತನ್ನ ಬಾಗಿಲಿಗೆ ಮಾತ್ರ ಎರಡು ಪಾಲು ಸುರಿಯುತ್ತಿದ್ದಾನೆ, ತೆರಿಗೆ ಕಟ್ಟುವುದರಲ್ಲಿ ತನಗೇನೂ ರಿಯಾಯಿತಿ ಇಲ್ಲ, ಹಿಮ ಬೀಳಿಸುವುದರಲ್ಲಿ ಮಾತ್ರ ಇಷ್ಟು ಧಾರಾಳ ಯಾಕೆ ಎಂದು ಒಸನಾಯ್ ಕೇಳಿದ. ಶುಕ್ರವಾರ ಒಬ್ಬರು ಬಂದು ನೋಡುತ್ತಾರೆ ಎಂದಳು. ಏಳಕ್ಕೆ ಸರಿಯಾಗಿ ಬರಲಿ, ಅವತ್ತು ತಾನು ಒಂದು ಹೆಂಟೆಯನ್ನೂ ಮುಟ್ಟುವುದಿಲ್ಲ, ಕಣ್ಣಾರೆ ನೋಡಲಿ, ಕೋಲು ತಂದು ಅಳೆಯಲಿ ಎಂದು ಹೇಳಿ ಫೋನಿಟ್ಟ.

ಅಡಿಯಲ್ಲಿ ಕಾವು ಕೊಡುವ ಕೊತಾತ್ಸು ಮೇಜಿನ ಹೊದಿಕೆಯೊಳಗೆ ಕಾಲು ಚಾಚಿಕೊಂಡು ಕಿತ್ತಳೆ ಸುಲಿಯುತ್ತಿದ್ದ ಹೆಂಡತಿ ಕಿನುಕೊ ತಲೆಯೆತ್ತದೆ ಹೇಳಿದಳು. "ಬಸ್ಸು ಬಿಟ್ಮೇಲೆ ಬೈಯೋಕೆ ಜನ ಸಿಕ್ತಿಲ್ಲ ನಿಮ್ಗೆ. ಅದಕ್ಕೇ ಹಿಮಾನ ಹಿಡ್ಕೊಂಡಿದೀರಿ."

ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಬಸ್ಸಿನ ಕಾಲದಲ್ಲಿ ಒಸನಾಯ್‌ನನ್ನು ಬೆಳಗಾದರೆ ಇನ್ನೂರು ಜನ ಕಾಯುತ್ತಿದ್ದರು. ಈಗ ಅವನು ಎದ್ದರೂ ಒಂದೇ, ಮಲಗಿದರೂ ಒಂದೇ. ಇದನ್ನು ಅವನು ಬಾಯಿಬಿಟ್ಟು ಯಾರಿಗೂ ಹೇಳಿರಲಿಲ್ಲ, ಹೇಳುವ ಪೈಕಿಯೂ ಅಲ್ಲ.

ಗುರುವಾರ ಮಧ್ಯಾಹ್ನ ಕರೆಗಂಟೆ ಸದ್ದಾಯಿತು. ಬಾಗಿಲಲ್ಲಿ ಫುಮಿ-ಸಾನ್ ನಿಂತಿದ್ದರು. ಎಂಬತ್ತೊಂದು ವಯಸ್ಸು, ಬಟ್ಟೆಯ ಗಂಟಿನಷ್ಟು ದೇಹ, ತಲೆಗೆ ಉಣ್ಣೆಯ ಟೋಪಿ, ಎದೆಗವುಚಿಕೊಂಡ ಒಂದು ಭರಣಿ. ಇಪ್ಪತ್ತು ವರ್ಷದ ನೆರೆಹೊರೆ, ಆದರೂ ನಮಸ್ಕಾರ ಚಮತ್ಕಾರದಾಚೆ ಹೋದದ್ದಲ್ಲ. ಎಂಟು ವರ್ಷದ ಹಿಂದೆ ಅವರ ಸೂರಿನ ಹಿಮ ಜಾರಿ ಇವನ ಹಿತ್ತಲಿನ ಹೂಗಿಡ ಮುರಿದಾಗ ಇವನು ಎರಡು ಮಾತು ಜಾಸ್ತಿ ಆಡಿದ್ದ. ಅವತ್ತಿನಿಂದ ನಮಸ್ಕಾರವೂ ಸ್ವಲ್ಪ ಗಿಡ್ಡವಾಗಿತ್ತು.

ಕಚೇರಿಯವರು ಆಗಲೇ ಅವರಿಗೆ ಹೇಳಿಬಿಟ್ಟರೋ ಏನೋ, ಜಗಳಕ್ಕೇ ಬಂದಿದ್ದಾರೆ ಎಂದು ಒಸನಾಯ್ ಗಂಟಲು ಸರಿಮಾಡಿಕೊಂಡ. ಫುಮಿ-ಸಾನ್ ಭರಣಿಯನ್ನು ಅವನ ಕೈಗಿಟ್ಟರು. ಆಮೇಲೆ ಬಾಗಿದರು. ಹಣೆ ಮಂಡಿಗೆ ತಾಗುವಷ್ಟು ಬಾಗಿ, ಹಾಗೇ ಇದ್ದರು.

"ಒಸನಾಯ್-ಸಾನ್, ಇಷ್ಟು ದಿನ ಬಾಯ್ಬಿಟ್ಟು ಹೇಳ್ಲಿಲ್ಲ, ಕ್ಷಮಿಸ್ಬೇಕು. ದಿನಾ ನಾನೇಳೋಕೆ ಮುಂಚೇನೇ ನಮ್ಮನೆ ಮುಂದಿನ ಹಿಮ ತೆಗೀತಿದೀರಿ. ನಿಮ್ಮ ಉಪಕಾರ ದೊಡ್ಡದು."

ಒಸನಾಯ್ ಇಂಗು ತಿಂದ ಮಂಗನ ಹಾಗಾದ. ಭರಣಿಯನ್ನು ವಾಪಸು ಚಾಚಿ, ಇಲ್ಲ ಇಲ್ಲ, ನಾನೇನೂ ಮಾಡಿಲ್ಲ ಎಂದ.

ಎಂಥ ಎಡವಟ್ಟು ನೋಡಿ. ಆ ಸೀಮೆಯಲ್ಲಿ ಉಪಕಾರ ಮಾಡಿದವನು ಹೇಳಬೇಕಾದ ಮಾತೂ ಅದೇ. ನಾಲ್ಕು ಜನರ ಮನೆ ಕಟ್ಟಿಸಿಕೊಟ್ಟವನೂ ನಾನೇನೂ ಮಾಡಿಲ್ಲ ಎನ್ನಬೇಕು, ಒಂದು ಲೋಟ ಚಹಾ ಕೊಟ್ಟವನೂ ಹಾಗೇ ಎನ್ನಬೇಕು. ಹೌದು, ಮಾಡಿದೆ ಎಂದವನಿಗೆ ಹೆತ್ತವರು ನಡತೆ ಕಲಿಸಿಲ್ಲ ಎಂದೇ ಅರ್ಥ. ಹಾಗಾಗಿ ಏನೂ ಮಾಡದವನು ನಿಜ ಹೇಳಲು ಹೊರಟರೆ ಅವನಿಗೆ ಬೇರೆ ಮಾತೇ ಉಳಿದಿರುವುದಿಲ್ಲ. ಒಸನಾಯ್ ಮತ್ತೆ ಹೇಳಿದ, ನಿಜಕ್ಕೂ ನಾನಲ್ಲ ಎಂದ. ಫುಮಿ-ಸಾನ್ ಇನ್ನಷ್ಟು ಬಾಗಿದರು. ಮೂರನೆಯ ಸಲ ದನಿಯೇರಿಸಿ ಹೇಳಿದ. ಅವರ ಕಣ್ಣು ತುಂಬಿ ಬಂತು.

"ನಿಮ್ಮ ಬಾಯಿ ಜೋರು, ಮನಸ್ಸು ಹಾಗಲ್ಲ ಅಂತ ನಮ್ಮೆಜಮಾನ್ರು ಇದ್ದಾಗ್ಲೇ ಹೇಳ್ತಿದ್ರು," ಎಂದರು ಅವರು. "ಸೋಮವಾರ, ಬುಧವಾರ, ಶುಕ್ರವಾರ ನಂಗೆ ಡಯಾಲಿಸಿಸ್. ಆಸ್ಪತ್ರೆ ವ್ಯಾನು ಏಳೂ ಹತ್ತಕ್ಕೆ ಬಂದು ಎರಡು ನಿಮಿಷ ನಿಲ್ಲುತ್ತೆ, ಅಷ್ಟೇ. ಮುಂದೆ ಇನ್ನೂ ಆರು ಜನ ಕಾಯ್ತಿರ್ತಾರಲ್ಲ. ಗೇಟಿಂದ ವ್ಯಾನಿಗೆ ಹತ್ತೇ ಹೆಜ್ಜೆ. ಹೋದ್ವರ್ಷ ಆ ಹತ್ತು ಹೆಜ್ಜೆ ದಾಟೋದೇ ನಂಗೆ ಬೆಟ್ಟ ಹತ್ತಿದ ಹಾಗಿತ್ತು. ಎರಡು ಸಲ ತಪ್ಪೂ ಹೋಯ್ತು. ಈ ವರ್ಷ ಒಂದ್ಸಲಾನೂ ತಪ್ಪಿಲ್ಲ. ನಾನೀಗ ನಿಂತ್ಕೊಂಡು ಮಾತಾಡ್ತಿದ್ರೆ ಅದು ನಿಮ್ಮಿಂದ."

ಅವರು ಹೋದ ಮೇಲೂ ಒಸನಾಯ್ ಭರಣಿ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದ. ಆ ಬಿಳಿ ವ್ಯಾನನ್ನು ಅವನು ವಾರಕ್ಕೆ ಮೂರು ಸಲ ನೋಡಿದ್ದ. ವಯಸ್ಸಾದವರನ್ನು ಹಾಡಿನ ಕೂಟಕ್ಕೋ ಊರಿನ ಬಿಸಿನೀರಿನ ಸ್ನಾನಗೃಹಕ್ಕೋ ಕರೆದುಕೊಂಡು ಹೋಗುವ ವ್ಯಾನು ಅಂದುಕೊಂಡಿದ್ದ. ಒಳ್ಳೇ ಮಜಾ ಮಾಡುತ್ತಿದ್ದಾರೆ ಮುದುಕಿ ಎಂದು ಮನಸ್ಸಿನಲ್ಲಿ ಆಡಿಕೊಂಡೂ ಇದ್ದ. ಈಗ ನಾಚಿಕೆಯಿಂದ ಅವನ ಕಿವಿಗಳು ಬಿಸಿಯಾದವು.

ರಾತ್ರಿ ಊಟಕ್ಕೆ ಕಿನುಕೊ ಭರಣಿ ತೆಗೆಯಲು ಹೋದಳು. ಕೆಂಪು ಟರ್ನಿಪ್ಪಿನ ಉಪ್ಪಿನಕಾಯಿ, ಫುಮಿ-ಸಾನ್ ಕೈಯದು ಅಂದರೆ ಬೀದಿಗೇ ಹೆಸರುವಾಸಿ. ಒಸನಾಯ್ ಮುಚ್ಚಳದ ಮೇಲೆ ಅಂಗೈ ಇಟ್ಟ. ಮುಟ್ಟಬೇಡ, ಇದು ನಮ್ಮದಲ್ಲ ಎಂದ. ಹಾಗಾದರೆ ಯಾರದು, ಅವರ ಹಿಮ ತೆಗೆಯುತ್ತಿರುವವರು ಯಾರು ಎಂದು ಅವಳು ಕೇಳಿದಳು. ನನಗೇನು ಗೊತ್ತು ಎಂದು ಅವನು ಭರಣಿಯನ್ನು ಪಕ್ಕಕ್ಕೆ ಸರಿಸಿದ. ಹೊರಗೆ ಹಿಮ ದಪ್ಪದಪ್ಪಗೆ ಬೀಳಲು ಶುರುವಾಗಿತ್ತು. ಬೆಳಿಗ್ಗೆ ಯಂತ್ರ ಬರುವುದು ಖಂಡಿತ.

ಮಲಗುವ ಮುನ್ನ ಅವನು ಒಂದು ತೀರ್ಮಾನಕ್ಕೆ ಬಂದಿದ್ದ. ಯಾರು ತೆಗೆಯುತ್ತಾರೋ ಅವರಿಗಿಂತ ಮುಂಚೆ ಎದ್ದು ನಾಳೆ ಒಂದು ದಿನವಾದರೂ ಫುಮಿ-ಸಾನ್ ಗೇಟನ್ನು ತಾನೇ ತೆಗೆಯಬೇಕು. ಪಡೆದ ಕೃತಜ್ಞತೆಯಲ್ಲಿ ಒಂದು ಚೂರಾದರೂ ನಿಜವಾಗಲಿ. ಅವನ ಮನೆಯ ಗುಡ್ಡ ಹಾಗೇ ಇರುತ್ತದೆ, ಏಳಕ್ಕೆ ಕಚೇರಿಯವನು ಬಂದು ಅಳೆದುಕೊಂಡು ಹೋಗಲಿ. ತನ್ನ ಗುಡ್ಡಕ್ಕೂ ಅವರ ಚೊಕ್ಕಟ ಗೇಟಿಗೂ ಸಂಬಂಧ ಇರಬಹುದು ಅಂತ ಅವನ ತಲೆಗೆ ಹೊಳೆಯಲೇ ಇಲ್ಲ. ಸಿಟ್ಟಿನ ಜನಕ್ಕೆ ಲೆಕ್ಕ ಬೇಗ ಹೊಳೆಯುವುದಿಲ್ಲ.

ನಾಲ್ಕೂಮುಕ್ಕಾಲಿಗೆ ರಬ್ಬರ್ ಬೂಟು ಏರಿಸಿ, ಸಲಿಕೆ ಹಿಡಿದು, ಫುಮಿ-ಸಾನ್ ಗೇಟಿನ ಕಂಬದ ಪಕ್ಕ ನಿಂತ. ಮೊಣಕಾಲುದ್ದ ಹೊಸ ಹಿಮ. ಮೂಗಿನ ಕೂದಲು ಕೂಡ ಸೆಟೆದುಕೊಳ್ಳುವ ಚಳಿ. ಬೀದಿಯ ಆ ತುದಿಯಲ್ಲಿ ಕಿತ್ತಳೆ ದೀಪ ಗಿರಗಿರ ತಿರುಗುತ್ತ ಬಂತು, ಅದರ ಹಿಂದೆ ಗುಡುಗುಡು ಸದ್ದು. ಯಂತ್ರ ಒಂದೊಂದೇ ಮನೆ ದಾಟುತ್ತ, ಓರೆಯಾಗಿ ಹಿಡಿದ ಅಲಗಿನಿಂದ ಎಡಕ್ಕೆ ಹೆಂಟೆಗಳನ್ನು ಸುರಿಸುತ್ತ ಬರುತ್ತಿತ್ತು. ಫುಮಿ-ಸಾನ್ ಬೇಲಿ ಹತ್ತಿರವಾದಾಗ ಅದು ನಿಧಾನವಾಯಿತು. ಓರೆಯಾಗಿದ್ದ ಅಲಗು ನೆಟ್ಟಗಾಯಿತು. ತಳ್ಳುತ್ತಿದ್ದ ಹಿಮದ ಒಂದು ಹೆಂಟೆಯೂ ಆಚೀಚೆ ಬೀಳದ ಹಾಗೆ, ಮಗುವನ್ನು ಎತ್ತಿಕೊಂಡು ಹೊಸ್ತಿಲು ದಾಟುವವರ ಜಾಗರೂಕತೆಯಲ್ಲಿ ಗೇಟನ್ನು ದಾಟಿಸಿತು. ದಾಟಿದ್ದೇ ತಡ, ಅಲಗು ಮತ್ತೆ ಓರೆಯಾಗಿ ಅಷ್ಟನ್ನೂ ಒಸನಾಯ್ ಮನೆಯ ಗೇಟಿಗೆ ದಡಬಡ ಸುರಿಯಿತು.

ಒಸನಾಯ್ ಓಡಿಹೋಗಿ ಎರಡೂ ಕೈ ಮೇಲೆತ್ತಿ ಯಂತ್ರದ ಎದುರು ನಿಂತ. ಅವನು ಬಾಯಿ ತೆರೆದದ್ದು ಬೈಯುವುದಕ್ಕೇ. ಸಿಕ್ಕಿಬಿದ್ದೆಯಾ ಮಗನೇ ಎಂಬ ಮಾತು ನಾಲಗೆಯ ತುದಿಗೆ ಬಂದಾಗಿತ್ತು. ಅಷ್ಟರಲ್ಲಿ ಬಲಗಡೆ ಚೊಕ್ಕಟವಾದ ಆ ಗೇಟು ಕಣ್ಣಿಗೆ ಬಿತ್ತು, ಹತ್ತೇ ಹೆಜ್ಜೆಯ ದಾರಿ ಕಣ್ಣಿಗೆ ಬಿತ್ತು. ಮಾತು ಅಲ್ಲೇ ನಿಂತಿತು.

ಯಂತ್ರದಿಂದ ಇಳಿದವನಿಗೆ ಐವತ್ತರ ಮೇಲಾಗಿತ್ತು. ಅಗಲ ಮುಖ, ಬಿಸಿಲಿಗೆ ಕಂದಿದ ಕೆನ್ನೆ. ಹೆಲ್ಮೆಟ್ಟು ತೆಗೆದು ತಲೆ ಬಾಗಿಸಿದ. "ಡ್ರೈವರ್-ಸಾನ್, ಬೆಳಿಗ್ಗೆ ಬೆಳಿಗ್ಗೇನೇ ಎದ್ದಿದೀರಿ," ಎಂದ.

ಬಸ್ಸು ಬಿಟ್ಟ ಏಳು ವರ್ಷದಲ್ಲಿ ಅವನನ್ನು ಯಾರೂ ಹಾಗೆ ಕರೆದಿರಲಿಲ್ಲ. ಯಾರು ನೀನು ಎಂದು ಕೇಳಿದ. ತಾನಾಬು ಶಿಗೆಕಿ ಎಂದ ಅವನು. ಗುಡ್ಡದ ಕಡೆಯ ಸೇಬಿನ ತೋಟದವನು, ಹಿಮ ಬಿದ್ದ ಮೇಲೆ ತೋಟದಲ್ಲಿ ಹೆಚ್ಚು ಕೆಲಸವಿಲ್ಲ, ಹತ್ತು ವರ್ಷದಿಂದ ಚಳಿಗಾಲಕ್ಕೆ ಈ ಯಂತ್ರ ಓಡಿಸುತ್ತಾನೆ. ಹೈಸ್ಕೂಲಿಗೆ ಮೂರು ವರ್ಷ ಒಸನಾಯ್ ಬಸ್ಸಿನಲ್ಲೇ ಹೋಗಿಬಂದವನು. ಒಸನಾಯ್‌ಗೆ ಮುಖ ನೆನಪಾಗಲಿಲ್ಲ, ದಿನಾ ತೋಟದ ಏರಿನಿಂದ ಸ್ಕಾರ್ಫು ಹಾರಿಸುತ್ತ ತಡವಾಗಿ ಓಡಿಬರುತ್ತಿದ್ದ ಒಂದು ಆಕಾರ ಮಾತ್ರ ನೆನಪಾಯಿತು.

"ಆ ಮನೆ ಗೇಟು ಯಾಕೆ ಬಿಡ್ತೀಯ?" ಎಂದು ಕೇಳಿದ.

ತಾನಾಬು ಹೆಲ್ಮೆಟ್ಟನ್ನು ಕೈಯಲ್ಲಿ ತಿರುಗಿಸುತ್ತ ಹೇಳಿದ. ಹೋದ ಚಳಿಗಾಲದಲ್ಲಿ ಒಂದು ದಿನ ಹಿಮ ವಿಪರೀತವಾಗಿ ಅವನು ಬೀದಿಯ ಎದುರುಬದಿ ಬಳಿಯಲು ಎರಡನೇ ಸಲ ಬಂದಾಗ ಏಳು ಗಂಟೆ ಆಗಿಹೋಗಿತ್ತು. ಬಿಳಿ ವ್ಯಾನು ನಿಂತಿತ್ತು. ಆ ಅಜ್ಜಿ ಗೇಟಿನ ಹೆಂಟೆಗಳ ಮೇಲೆ ಮಂಡಿಯೂರಿ, ಕೈಯೂರಿ, ಅಂಬೆಗಾಲಲ್ಲಿ ಹತ್ತಿ ಇಳಿಯುತ್ತಿದ್ದರು. ಕೈಚೀಲವನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದರು.

"ಆ ಹೆಂಟೆ ಹಾಕ್ದೋನು ನಾನು, ಎರಡು ಗಂಟೆ ಮುಂಚೆ," ಎಂದ ತಾನಾಬು. "ಅವತ್ತು ಮನೆಗೋದ್ರೆ ಊಟ ಸೇರ್ಲಿಲ್ಲ."

"ಸರಿ, ಅವರ ಮನೆ ಬಿಟ್ಟೆ. ನಮ್ಮನೇಗೆ ಯಾಕೆ ಹಾಕ್ದೆ? ಮುಂದೆ ಹತ್ತು ಮನೆ ಇರ್ಲಿಲ್ವಾ?"

ತಾನಾಬು ಬೂಟಿನ ತುದಿಯಿಂದ ಹೆಂಟೆಯೊಂದನ್ನು ತಟ್ಟಿ ತೋರಿಸಿದ. "ಹಿಮ ಎಲ್ಲೂ ಮಾಯ ಆಗಲ್ಲ ಡ್ರೈವರ್-ಸಾನ್. ಒಬ್ರ ಬಾಗ್ಲಲ್ಲಿ ತೆಗೆದ್ರೆ ಇನ್ನೊಬ್ರ ಬಾಗ್ಲಿಗೆ ಹಾಕ್ಲೇಬೇಕು. ಯಾರ ಬಾಗ್ಲು ಅಂತ ಯೋಚ್ನೆ ಮಾಡ್ದೆ. ಗೇಟಲ್ಲಿ ನಿಮ್ಮ ಹೆಸರಿನ ಹಲಗೆ ನೋಡ್ದೆ. ಮೂರು ವರ್ಷ ನಂಗೆ ದಿನಾ ಬೈದ್ರಿ ನೀವು. ನಿಮ್ಮಪ್ಪಂದಾ ಬಸ್ಸು, ನಿಂಗೋಸ್ಕರ ಊರೆಲ್ಲ ಕಾಯ್ಬೇಕಾ ಅಂತ. ಆದ್ರೆ ಒಂದ್ ದಿನಾನೂ ಬಿಟ್ಟು ಹೋಗ್ಲಿಲ್ಲ. ಈ ಮನುಷ್ಯ ಬೈತಾರೆ, ಆದ್ರೂ ತೆಗೀತಾರೆ ಅಂದ್ಕೊಂಡೆ."

ಒಸನಾಯ್‌ಗೆ ಕಣ್ಣು ಮಂಜಾಯಿತು; ಚಳಿಗೆ ಎಂದುಕೊಂಡು ಕೈಗವಸಿನಲ್ಲಿ ಒರೆಸಿಕೊಂಡ.

ಹೇಗೂ ಇವತ್ತೇ ಕೊನೆ ಎಂದ ತಾನಾಬು. ಈ ಬೀದಿಯಿಂದ ದೂರು ಹೋಗಿದೆಯಂತೆ, ಕಚೇರಿಯವರು ಬಂದು ನೋಡುತ್ತಾರಂತೆ. ಒಂದು ಮನೆಗೆ ಜಾಸ್ತಿ ಒಂದು ಮನೆಗೆ ಇಲ್ಲ ಎಂದು ಕಾಗದದಲ್ಲಿ ಬಿತ್ತೆಂದರೆ ಮುಗಿಯಿತು, ನಾಳೆಯಿಂದ ಅಜ್ಜಿಯ ಗೇಟಿಗೂ ಸಮಪಾಲು ಹಾಕಲೇಬೇಕು. ಯಾರಿಗೂ ರಿಯಾಯಿತಿ ಕೊಡುವ ಹಾಗಿಲ್ಲ. ಒಬ್ಬರಿಗೆ ಕೊಟ್ಟರೆ ಊರಿಗೆಲ್ಲ ಕೊಡಬೇಕಾಗುತ್ತದೆ.

"ಫೋನ್ ಮಾಡ್ದೋನು ನಾನೇ," ಎಂದ ಒಸನಾಯ್.

"ಗೊತ್ತು," ಎಂದ ತಾನಾಬು. "ಹೆಂಟೆ ಬೀಳ್ತಿದ್ದಿದ್ದು ನಿಮ್ಮನೆ ಮುಂದೇನೇ ಅಲ್ವಾ."

ಅವನ ದನಿಯಲ್ಲಿ ದೂರಿರಲಿಲ್ಲ. ಇನ್ನೂ ಹನ್ನೊಂದು ಬೀದಿ ಬಾಕಿ ಇದೆ ಎಂದು ಹೇಳಿ ಯಂತ್ರ ಹತ್ತಿದ. ಒಸನಾಯ್ ಎರಡು ಹೆಜ್ಜೆ ಹಿಂದೆ ಸರಿದವನು ಮತ್ತೆ ಮುಂದೆ ಬಂದು ಬಾಗಿಲು ತಟ್ಟಿದ. "ನಾಳೆಯಿಂದ ಒಂದು ಮೊಳ ಮುಂದೆ ಹಾಕು. ಗೇಟಿನ ತಿರುಗಣಿಗೆ ಬಡೀತಿದೆ. ಅಷ್ಟೂ ಕಾಣಲ್ವಾ ನಿಂಗೆ?"

ತಾನಾಬು ಕೆಳಗೆ ನೋಡಿದ. ನಿಧಾನವಾಗಿ ಅವನ ಅಗಲ ಮುಖದ ತುಂಬ ನಗು ಹರಡಿತು. ಬಸ್ಸು ಹತ್ತಿದ ಹುಡುಗ ಬೈಸಿಕೊಂಡು ಹಿಂದಿನ ಸೀಟಿಗೆ ಹೋಗುವಾಗ ನಗುತ್ತಿದ್ದದ್ದು ಹೀಗೇ ಇರಬೇಕು.

ಯಂತ್ರ ಹೋಯಿತು. ಒಸನಾಯ್ ತನ್ನ ಗುಡ್ಡದೆದುರು ಒಬ್ಬನೇ ನಿಂತ. ಈಗ ಅದು ಮೊದಲಿನ ಗುಡ್ಡವಲ್ಲ. ಡಿಸೆಂಬರಿನಿಂದ ಅವನು ದಿನಾ ಬೆವರು ಸುರಿಸಿ ನೂಕಿದ್ದು ಫುಮಿ-ಸಾನ್ ಮನೆಯ ಹಿಮವನ್ನೇ. ಅವರ ಗೇಟಿನಲ್ಲಿ ನಿಂತು ತೆಗೆದಿರಲಿಲ್ಲ, ತನ್ನ ಗೇಟಿನಲ್ಲಿ ನಿಂತು ತೆಗೆದಿದ್ದ, ಅಷ್ಟೇ ವ್ಯತ್ಯಾಸ. ಅವನಿಗೇ ಗೊತ್ತಿಲ್ಲದೆ ಒಬ್ಬರು ಅವನನ್ನು ನಂಬಿದ್ದರು, ಇನ್ನೊಬ್ಬರು ಅವನಿಂದ ಬದುಕಿದ್ದರು. ಎಷ್ಟು ದೊಡ್ಡ ಮಾತು ಇದು ಎಂದು ಅವನಿಗೆ ಅನ್ನಿಸಿತು. ತನ್ನ ಮೇಲೆ ಎರಡು ಪಾಲು ಹಿಮ ಹೇರಿದವನಿಗೆ ಅವನು ಮನಸಾರೆ ಋಣಿಯಾದ.

ಆಮೇಲೆ ಅವನಿಗೆ ಏಳು ಗಂಟೆಯ ನೆನಪಾಯಿತು.

ಏಳಕ್ಕೆ ಬಾ ಎಂದವನು ಅವನೇ. ಮುಟ್ಟುವುದಿಲ್ಲ, ಅಳೆದು ನೋಡು ಎಂದವನೂ ಅವನೇ. ಕಚೇರಿ ತೆರೆಯುವುದು ಎಂಟೂವರೆಗೆ. ಅಷ್ಟರಲ್ಲಿ ಫೋನು ಮಾಡಿ ಬೇಡ ಎನ್ನುವುದಕ್ಕೂ ಆಗದು. ಚರಂಡಿಗೆ ನೀರು ಬರುವುದು ಆರೂವರೆಗೆ. ಒಂದು ಗಂಟೆಗೂ ಮುಗಿಯದ ಗುಡ್ಡವನ್ನು ಅರ್ಧ ಗಂಟೆಯಲ್ಲಿ ಇಲ್ಲವಾಗಿಸಬೇಕು. ಇಲ್ಲದಿದ್ದರೆ ಬಂದವನು ಅಳೆಯುತ್ತಾನೆ, ಬರೆಯುತ್ತಾನೆ, ನಾಳೆಯಿಂದ ಫುಮಿ-ಸಾನ್ ಹಲ್ಲಿನಲ್ಲಿ ಚೀಲ ಕಚ್ಚಿಕೊಂಡು ಹೆಂಟೆ ಹತ್ತುತ್ತಾರೆ.

ಒಳಗೆ ಹೋಗಿ ಕಿನುಕೊಳನ್ನು ಎಬ್ಬಿಸಿದ. ನಡೆದದ್ದನ್ನು ನಾಲ್ಕು ಮಾತಿನಲ್ಲಿ ಹೇಳಿದ. ಅವಳು ಏನೊಂದೂ ಕೇಳದೆ ಪ್ಯಾಂಟಿನ ಮೇಲೆ ಪ್ಯಾಂಟು ಏರಿಸಿದಳು. ಎರಡು ಹಿಡಿಯ ಅಗಲ ಬಾಯಿಯ ತಳ್ಳುಸಲಿಕೆ ತಾನು ಹಿಡಿಯುತ್ತೇನೆ, ಅದಕ್ಕೆ ತೂಕಕ್ಕಿಂತ ಕೈಚಳಕ ಬೇಕು, ನೀವು ಹೆಂಟೆ ಒಡೆಯಿರಿ ಎಂದಳು. ನೀರು ಬರುವವರೆಗೆ ಅವನು ಹಾರೆಯಿಂದ ಒಂದೊಂದೇ ಹೆಂಟೆ ಕುಟ್ಟಿ ಪುಡಿಮಾಡಿದ, ಅವಳು ಪುಡಿಯನ್ನು ಜಾಲರಿಯ ಬಾಯಿಗೆ ಒಟ್ಟಿದಳು. ಸೊಂಟ ಬೇಡ ಬೇಡವೆಂದಿತು. ಬಾಯಿ ಮುಚ್ಚು ಎಂದು ಅದಕ್ಕೂ ಬೈದ.

ಆರೂವರೆಗೆ ನೆಲದಡಿ ಗೊರಗೊರ ಸದ್ದಾಗಿ ನೀರು ಬಂತು. ಬೀದಿಯವರೆಲ್ಲ ಹೊರಬಂದು ಮುಚ್ಚಳ ಎತ್ತುವಷ್ಟರಲ್ಲಿ ಗಂಡಹೆಂಡತಿ ಗುಡ್ಡದ ಕಾಲುಭಾಗ ನೂಕಿಯಾಗಿತ್ತು. ಎದುರುಮನೆಯವರು ಇವತ್ತೇನು ಮದುವೆ ದಿಬ್ಬಣ ಬರುತ್ತಿದೆಯಾ ನಿಮ್ಮ ಮನೆಗೆ ಎಂದು ಕೂಗಿ ಕೇಳಿದರು. ಉತ್ತರ ಕೊಡಲು ಉಸಿರು ಬೇಕಲ್ಲ. ಒಸನಾಯ್ ನೂಕಿದ, ಕಿನುಕೊ ನೂಕಿದಳು, ಕಪ್ಪು ನೀರು ಎಲ್ಲವನ್ನೂ ನುಂಗಿಕೊಂಡು ಓಡಿತು. ಏಳಕ್ಕೆ ಮೂರು ನಿಮಿಷ ಇರುವಾಗ ಕೊನೆಯ ಹೆಂಟೆ ಹೋಯಿತು. ಕಿನುಕೊ ಅಲ್ಲೇ ಗೇಟಿನ ಕಟ್ಟೆಯ ಮೇಲೆ ಕುಸಿದು ಕೂತಳು. ಅವನ ಟೋಪಿಯಿಂದ ಅನ್ನದ ಪಾತ್ರೆಯಿಂದ ಏಳುವ ಹಾಗೆ ಆವಿ ಏಳುತ್ತಿತ್ತು.

ಕಚೇರಿಯ ತರುಣ ಸಮಯಕ್ಕೆ ಸರಿಯಾಗಿ ಬಂದ. ಕೈಯಲ್ಲಿ ಕೆಂಪು ಬಿಳಿ ಪಟ್ಟಿಯ ಅಳತೆ ಕೋಲು, ಕಂಕುಳಲ್ಲಿ ಕಾಗದದ ಹಲಗೆ. ಫುಮಿ-ಸಾನ್ ಗೇಟು ನೋಡಿದ, ಒಸನಾಯ್ ಗೇಟು ನೋಡಿದ. ಎರಡೂ ಒಂದೇ ಸಮ ಚೊಕ್ಕಟ. ಮುಟ್ಟುವುದಿಲ್ಲ ಎಂದು ಫೋನಿನಲ್ಲಿ ಹೇಳಿದ್ದಿರಂತಲ್ಲ ಎಂದು ಮೆಲ್ಲಗೆ ಕೇಳಿದ.

ಮೂವತ್ತಾರು ವರ್ಷದ ಕೆಲಸದಲ್ಲಿ ಒಸನಾಯ್ ಯಾರೆದುರೂ ತಪ್ಪಾಯಿತು ಎಂದವನಲ್ಲ. ಮೇಲಧಿಕಾರಿಗಳಿಗೂ ಹೇಳಿರಲಿಲ್ಲ, ಹೆಂಡತಿಗಂತೂ ಇಲ್ಲವೇ ಇಲ್ಲ. ಈಗ ಸಲಿಕೆಯನ್ನು ಕೆಳಗಿಟ್ಟ. ಟೋಪಿ ತೆಗೆದ. ಮಗನ ವಯಸ್ಸಿನ ಆ ತರುಣನ ಎದುರು, ನಿನ್ನೆ ಫುಮಿ-ಸಾನ್ ಬಾಗಿದಷ್ಟೇ ಆಳಕ್ಕೆ ಬಾಗಿದ.

"ತಪ್ಪು ನಂದು. ವಯಸ್ಸಾಯ್ತು, ಕಣ್ಣು ಸರಿಯಾಗಿ ಅಳೀಲಿಲ್ಲ. ಇಲ್ಲಿ ಹೆಚ್ಚುಕಮ್ಮಿ ಏನೂ ಇಲ್ಲ. ನಿಮ್ಮನ್ನ ಸುಮ್ನೆ ಚಳೀಲಿ ಓಡಾಡಿಸ್ದೆ."

ಕಟ್ಟೆಯ ಮೇಲಿನ ಕಿನುಕೊ ಬಾಯಿ ಅರ್ಧ ತೆರೆದುಕೊಂಡು ನೋಡುತ್ತಿದ್ದಳು.

ಹಾಗಾದರೆ ಯಂತ್ರದವನ ಮೇಲೆ ನಿಮ್ಮ ದೂರೇನೂ ಇಲ್ಲವಾ ಎಂದು ತರುಣ ಕೇಳಿದ.

"ಇಲ್ಲ. ಒಳ್ಳೆ ಡ್ರೈವರು. ನಾನೂ ಡ್ರೈವರೇ, ನಂಗೆ ಗೊತ್ತಾಗುತ್ತೆ."

ತರುಣ ಆವಿಯಾಡುವ ಬೋಳುತಲೆಯನ್ನು ನೋಡಿದ. ಹಾರೆಯನ್ನು, ಚೆಲ್ಲಿದ ಮಂಜುಗಡ್ಡೆ ಪುಡಿಯನ್ನು, ಕಟ್ಟೆಯ ಮೇಲೆ ಏದುಸಿರು ಬಿಡುವ ಹೆಂಗಸನ್ನು ನೋಡಿದ. ಅವನೂ ಆ ಊರಿನಲ್ಲೇ ಹುಟ್ಟಿ ಹಿಮ ತೆಗೆದು ಬೆಳೆದವನು. ಒಂದು ಪಾಲಿಗೆ ಎಷ್ಟು ಬೆವರು, ಎರಡು ಪಾಲಿಗೆ ಎಷ್ಟು ಎಂದು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅಷ್ಟರಲ್ಲಿ ಬಿಳಿ ವ್ಯಾನು ಬಂದು ನಿಂತಿತು. ಫುಮಿ-ಸಾನ್ ಗೇಟು ತೆಗೆದು, ಕೈಚೀಲ ಕೈಯಲ್ಲೇ ಹಿಡಿದು, ಒಂದು, ಎರಡು, ಮೂರು ಎಂದು ಪುಟ್ಟ ಪುಟ್ಟ ಹೆಜ್ಜೆ ಇಡುತ್ತ ಬಂದರು. ತರುಣ ಸ್ವಲ್ಪ ಹೊತ್ತು ಆ ಹೆಜ್ಜೆಗಳನ್ನು ನೋಡಿದ. ಅಳತೆ ಕೋಲನ್ನು ಮಡಿಸಿದ. ಕಾಗದದ ಮೇಲೆ ಒಂದೇ ಗೆರೆಯಲ್ಲಿ, ಸ್ಥಳದಲ್ಲಿ ವ್ಯತ್ಯಾಸ ಕಂಡುಬಂದಿಲ್ಲ ಎಂದು ಬರೆದು, ಸೊಂಟ ಜೋಪಾನ ಎಂದು ಒಸನಾಯ್‌ಗೆ ಹೇಳಿ ಹೊರಟುಹೋದ.

ಫುಮಿ-ಸಾನ್ ಎಂಟನೆಯ ಹೆಜ್ಜೆಗೆ ನಿಂತು ಇತ್ತ ತಿರುಗಿದರು. ವ್ಯಾನಿಗೆ ಹೊತ್ತಾಗುತ್ತದೆಂದು ಗೊತ್ತಿದ್ದರೂ ಪೂರ್ತಿ ಬಾಗಿದರು.

"ಒಸನಾಯ್-ಸಾನ್, ಇವತ್ತೂ ನಿಮ್ಮ ಉಪಕಾರ ಆಯ್ತು."

ನಾನೇನೂ ಮಾಡಿಲ್ಲ ಎಂದು ಹೇಳುವ ಹೊತ್ತು. ಅಭ್ಯಾಸಬಲದಿಂದ ಕೈ ಅಲ್ಲಾಡಿಸಲು ಎತ್ತಿಯೂ ಆಗಿತ್ತು. ಒಸನಾಯ್ ಕೈ ಕೆಳಗಿಳಿಸಿದ. ಜೀವನದಲ್ಲಿ ಮೊದಲ ಸಲ ನಡತೆ ಕಲಿಯದವನ ಹಾಗೆ ಮಾತಾಡಿದ.

"ಹೌದು ಫುಮಿ-ಸಾನ್. ನಾನೇ ತೆಗೆದೆ. ನಾಳೆನೂ ತೆಗೀತೀನಿ. ನೀವು ಹುಷಾರಾಗಿ ಹೋಗ್ಬನ್ನಿ."

ಫುಮಿ-ಸಾನ್ ತಲೆಯೆತ್ತಿ ಅವನನ್ನೇ ನೋಡಿದರು. ಉಣ್ಣೆ ಟೋಪಿಯಡಿ ಮುಖದ ಸುಕ್ಕೆಲ್ಲ ನಗುವಾಯಿತು. "ಅಂತೂ ಒಪ್ಕೊಂಡ್ರಲ್ಲ," ಎಂದು ಹೇಳಿ ಉಳಿದ ಎರಡು ಹೆಜ್ಜೆ ನಡೆದು ವ್ಯಾನು ಹತ್ತಿದರು.

ವ್ಯಾನು ತಿರುವಿನಲ್ಲಿ ಮರೆಯಾಗುವವರೆಗೂ ಅವನು ನಿಂತಿದ್ದ. ಆಮೇಲೆ ಹೆಂಡತಿಗೆ ಕೈಕೊಟ್ಟು ಎಬ್ಬಿಸಿದ. ಯಾರೆದುರಿಗೋ ತಪ್ಪೊಪ್ಪಿಕೊಂಡಿರಲ್ಲ, ನನ್ನೆದುರು ಯಾವಾಗ ಎಂದು ಕಿನುಕೊ ಕೇಳಿದಳು. ಅದು ಬೇರೆ ಬಾಬ್ತು, ಅದಕ್ಕೆ ಇನ್ನೂ ಹೆಚ್ಚು ಹಿಮ ಬೀಳಬೇಕು ಎಂದ. ಇಬ್ಬರೂ ಬೂಟು ಕಳಚಿ ಒಳಗೆ ಹೋದರು. ಕುಕ್ಕರಿನಲ್ಲಿ ಅನ್ನ ಆಗಿತ್ತು. ಕಿನುಕೊ ಎರಡು ಬಟ್ಟಲಿಗೆ ಬಿಸಿಬಿಸಿ ಬಡಿಸಿ, ಒಣಮೀನು ಸುಡಲೇ ಎಂದು ಕೇಳಿದಳು.

"ಮೀನು ಬೇಡ," ಎಂದ 'ಡ್ರೈವರ್-ಸಾನ್'. "ಆ ಭರಣಿ ತೆಗಿ. ಅದು ನಮ್ದೇ."